ದುರುಗಮ್ಮ ಉಣ್ಣುವ ಹೊತ್ತು

ಶನಿವಾರದ ಆ ಪಾಠಕ್ಕೆ ಹುಡುಗಿಯರು ಪಂಚಾಯ್ತಿ ಎಂದು ಹೆಸರಿಟ್ಟಿದ್ದರು. ಹೆಸರಿಡುವುದರಲ್ಲಿ ನರ್ಸಿಂಗ್ ಓದುವ ಹುಡುಗಿಯರನ್ನು ಮೀರಿಸುವವರು ಬಳ್ಳಾರಿಯಲ್ಲಿ ಯಾರೂ ಇಲ್ಲ ಬಿಡಿ. ಪಾಠ ಶುರು ಮಾಡಿದವರು ಕೊಟ್ರಮ್ಮ ಮೇಡಂ, ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಹಿರಿಯ ಅಧ್ಯಾಪಕಿ. ವಾರ್ಡಿನಲ್ಲಿ ತಾನು ನೋಡಿಕೊಂಡ ಒಬ್ಬ ರೋಗಿಯ ವಿಷಯವನ್ನು ಒಬ್ಬ ವಿದ್ಯಾರ್ಥಿನಿ ಹೇಳಬೇಕು. ಎದುರಿಗೆ ಶರೀರಶಾಸ್ತ್ರ, ಔಷಧಶಾಸ್ತ್ರ, ಆಹಾರಶಾಸ್ತ್ರ, ಸಮಾಜಶಾಸ್ತ್ರ ಹೇಳಿಕೊಡುವವರೆಲ್ಲ ಸಾಲಾಗಿ ಕೂತು, ಆ ಒಬ್ಬ ರೋಗಿಯ ಬಗ್ಗೆಯೇ ಒಬ್ಬೊಬ್ಬರಾಗಿ ಪ್ರಶ್ನೆ ಹಾಕಬೇಕು. ಎಲ್ಲ ವಿಷಯವನ್ನೂ ಒಂದೇ ಮಂಚದ ಸುತ್ತ ನಿಂತು ಕಲಿಯಬೇಕು ಎನ್ನುವುದು ಮೇಡಂ ಹಟ.

"ಮಂಚದ ಮ್ಯಾಲೆ ಮಲಗಿರಾಕಿ ಒಬ್ಬಾಕೀನ. ನಿಮ್ಮ ನೋಟ್‌ಬುಕ್ಕು ಏಳು ಅದಾವ ಅಂತ ಆಕಿನ್ನ ಏಳು ತುಂಡು ಮಾಡಬ್ಯಾಡ್ರಿ," ಎನ್ನುತ್ತಿದ್ದರು.

ಎರಡನೇ ವರ್ಷದ ಶಾಂಭವಿಗೆ ಈ ಪಂಚಾಯ್ತಿ ಕಂಡರಾಗುತ್ತಿರಲಿಲ್ಲ. ಅವಳ ಏಳು ನೋಟ್‌ಬುಕ್ಕಿಗೆ ಏಳು ಬಣ್ಣದ ರಟ್ಟು. ಹಸಿರಿನಲ್ಲಿ ಔಷಧ, ಹಳದಿಯಲ್ಲಿ ಆಹಾರ, ನೀಲಿಯಲ್ಲಿ ಶರೀರ. ಒಂದರ ನೀರು ಇನ್ನೊಂದಕ್ಕೆ ಹರಿಯದಂತೆ ಒಡ್ಡು ಕಟ್ಟಿಕೊಂಡು ಓದುವ ಹುಡುಗಿ. ಹಾಗೆ ಓದಿಯೇ ಮೊದಲ ವರ್ಷ ತರಗತಿಗೆ ಎರಡನೆಯವಳಾಗಿದ್ದಳು, ಆದ್ದರಿಂದ ಅವಳನ್ನು ತಪ್ಪು ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ.

ಇನ್ನೂ ಒಂದು ಒಡ್ಡು ಅವಳು ಕಟ್ಟಿದ್ದಳು. ಅದು ತನ್ನೂರು ಸಿರಿಗೇರಿಗೂ ಈ ಕಾಲೇಜಿಗೂ ನಡುವೆ. ಮೊದಲ ದಿನ ಎಲ್ಲರೂ ಎದ್ದು ನಿಂತು ತಮ್ಮ ಪರಿಚಯ ಹೇಳುವಾಗ, ಮುಂದಿನವಳು ತಮ್ಮಪ್ಪ ವಕೀಲರು ಎಂದಳು, ಆಚೆಯವಳು ರೈಸ್ ಮಿಲ್ಲು ಎಂದಳು. ಶಾಂಭವಿಯ ಬಾಯಿಂದ "ನಮ್ದು ಎಂಟೆಕರೆ ಗದ್ದಿ ಐತ್ರಿ" ಎಂದು ಬಂದುಬಿಟ್ಟಿತು. ಎಂಟೆಕರೆ ಗದ್ದೆ ಇದ್ದದ್ದು ನಿಜ. ಅದರಲ್ಲಿ ಅವಳೂ ಅವಳವ್ವ ಮಂಜಮ್ಮನೂ ಸಸಿ ಹಚ್ಚಿದ್ದೂ ನಿಜ. ಗದ್ದೆ ಮಾತ್ರ ಬೇರೆಯವರದು. ಪಿಯುಸಿ ಮುಗಿಯುವವರೆಗೂ ಪ್ರತಿ ನಾಟಿಯ ಕಾಲಕ್ಕೆ ಅವ್ವನ ಗುಂಪಿನ ಜೊತೆ ಕೂಲಿಗೆ ಹೋದವಳು ತಾನು ಎಂದು ಅವಳು ಇಲ್ಲಿ ಯಾರಿಗೂ ಹೇಳಿರಲಿಲ್ಲ.

ಆಗಸ್ಟ್ ತಿಂಗಳಲ್ಲಿ ಹೆಂಗಸರ ವಾರ್ಡಿನಲ್ಲಿ ಅವಳ ಪಾಲಿಗೆ ಬಂದ ರೋಗಿ ದೇಶನೂರಿನ ದುರುಗಮ್ಮ. ನಲವತ್ತೈದರ ಆಸುಪಾಸಿನ ಹೆಂಗಸು. ಜ್ವರವೆಂದು ಬಂದು ಸೇರಿದಾಗ ರಕ್ತದಲ್ಲಿ ಸಕ್ಕರೆ ವಿಪರೀತ ಏರಿದ್ದು ಗೊತ್ತಾಗಿ, ದಿನಕ್ಕೊಂದು ಇನ್ಸುಲಿನ್ ಸೂಜಿ ಶುರುವಾಗಿತ್ತು. ಮನೆಗೆ ಹೋದ ಮೇಲೆ ತಾನೇ ಚುಚ್ಚಿಕೊಳ್ಳುವುದನ್ನು ಆಕೆಗೆ ಕಲಿಸುವ ಕೆಲಸ ಶಾಂಭವಿಯದು. ಕಲಿಸಿದಳು, ಬಲು ಚೆನ್ನಾಗಿಯೇ ಕಲಿಸಿದಳು. ಶೀಶೆಯನ್ನು ಅಂಗೈಯಲ್ಲಿ ಹೇಗೆ ಉರುಳಿಸಬೇಕು, ಇಪ್ಪತ್ತು ಪಾಯಿಂಟ್ ಹೇಗೆ ಎಳೆದುಕೊಳ್ಳಬೇಕು, ಫ್ರಿಜ್ಜಿಲ್ಲದ ಮನೆಯಲ್ಲಿ ನೀರಿನ ಗಡಿಗೆಯ ತಂಪಿನಲ್ಲಿ ಶೀಶೆ ಹೇಗಿಡಬೇಕು, ಒಂದನ್ನೂ ಬಿಡಲಿಲ್ಲ.

"ಮುಂಜಾನಿ ನಾಷ್ಟಾಕ್ಕ ಅರ್ಧ ತಾಸು ಮೊದ್ಲು, ತೊಡಿಗೆ ಹಾಕ್ಕೋಬೇಕು. ತಿಳೀತಾ?"

"ತಿಳೀತವ್ವಾ," ಎಂದು ದುರುಗಮ್ಮ ಅಕ್ಷರ ತಪ್ಪದೆ ಒಪ್ಪಿಸಿದ್ದಳು. ಪಕ್ಕದಲ್ಲಿ ನಿಂತು ನೋಡುತ್ತಿದ್ದ ಔಷಧಶಾಸ್ತ್ರದ ಸಂಗಮೇಶ್ ಸರ್ ಹತ್ತಕ್ಕೆ ಒಂಬತ್ತು ಕೊಟ್ಟರು. ಅವರು ಒಂಬತ್ತು ಕೊಡುವುದೆಂದರೆ ಬೇಸಿಗೆಯಲ್ಲಿ ಬಳ್ಳಾರಿಗೆ ಚಳಿ ಬಂದ ಹಾಗೆ.

ದುರುಗಮ್ಮನನ್ನು ಮನೆಗೆ ಕಳಿಸಿದ ಹನ್ನೊಂದನೇ ದಿನ, ಬುಧವಾರ, ಶಾಂಭವಿ ವಾರ್ಡಿಗೆ ಬಂದರೆ ಅದೇ ಮಂಚದಲ್ಲಿ ಅದೇ ದುರುಗಮ್ಮ. ಕಿವಿಯ ಹಿಂದೆ, ಕೂದಲ ಬುಡದಲ್ಲಿ ಕೆಸರು ಒಣಗಿ ಬಿಳಿಚಿಕೊಂಡಿತ್ತು. ಕರೆದುಕೊಂಡು ಬಂದವನು ನಾಟಿ ಗುಂಪಿನ ಮೇಸ್ತ್ರಿ ಜಂಬಣ್ಣ. ಟವೆಲ್ಲು ಹಿಂಡುತ್ತಾ ವಾರ್ಡ್ ಸಿಸ್ಟರಿಗೆ ವರದಿ ಒಪ್ಪಿಸುತ್ತಿದ್ದ.

"ನಿನ್ನೆ ಸಾಲಿನಾಗ ಬಗ್ಗಿದಾಕಿ ಬಗ್ಗಿದಂಗ ಮುಂದಕ್ಕ ಬಿದ್ಲುರಿ. ಮಾರಿ ಕೆಸರಿನಾಗ ಹೂತಿತ್ತು. ಪಕ್ಕದಾಕಿ ಕೂದ್ಲು ಹಿಡಿದು ಎತ್ತಲಿಲ್ಲಂದ್ರ ಅಲ್ಲೇ ಉಸಿರು ನಿಂತಿರ್ತಿತ್ತು. ಸಿರುಗುಪ್ಪದ ದವಾಖಾನಿಗೆ ಒಯ್ದಿವಿ. ಅಲ್ಲಿ ಡಾಕ್ಟ್ರು ನೋಡಿದ ಕೂಡ್ಲೇ ಸಕ್ಕರಿ ಇಳಿದೈತಿ ಅಂತಂದು ರಗತಕ್ಕ ಗ್ಲೂಕೋಸ್ ಏರಿಸಿದ್ರು, ಕಣ್ಣು ಬಿಟ್ಲು. ಆಮ್ಯಾಲ ನೀವೊಮ್ಮೆ ನೋಡ್ರಿ ಅಂತ ಇಲ್ಲಿಗೆ ಕಳಿಸ್ಯಾರ."

ಸಿಸ್ಟರ್ ದುರುಗಮ್ಮನ ಕಡೆ ತಿರುಗಿದರು. "ಸೂಜಿ ಹೆಂಗ ಹಾಕ್ಕೊಂತಿದ್ದಿ? ಈ ಹುಡುಗಿ ಏನು ಹೇಳಿಕೊಟ್ಟಿದ್ಲು?"

ದುರುಗಮ್ಮ ಶಾಂಭವಿಯನ್ನೊಮ್ಮೆ ನೋಡಿದಳು.

"ಈ ಹುಡುಗಿ ಎಲ್ಲಾ ಛಲೋ ಹೇಳಿತ್ತುರಿ. ನಂದಾ ತಪ್ಪು. ಮರ್ತು ಎರಡು ಸಲ ಹಾಕ್ಕೊಂಡೆ ಕಾಣ್ತದ."

ಅಲ್ಲಿಗೆ ಮುಗಿಯಿತು. ರೋಗಿಯ ಮರೆವು ಎಂದು ಕೇಸ್ ಶೀಟಿನಲ್ಲಿ ಬರೆದರು. ಸೋಮವಾರ ಮನೆಗೆ ಕಳಿಸುವುದು, ಅದೇ ಸೂಜಿ, ಅದೇ ಹೊತ್ತು, ಇನ್ನೊಮ್ಮೆ ಬಿಗಿಯಾಗಿ ಹೇಳಿ ಕಳಿಸುವುದು. ಶಾಂಭವಿಗೆ ಹೋದ ಜೀವ ಬಂದ ಹಾಗಾಯಿತು. ಹಾಗಾದದ್ದಕ್ಕೆ ನಾಚಿಕೆಯೂ ಆಯಿತು.

ಮಧ್ಯಾಹ್ನ ಬಿಸಿನೀರು, ಬಾಚಣಿಗೆ ತಂದು ದುರುಗಮ್ಮನ ಕೂದಲಿನ ಕೆಸರು ಬಿಡಿಸಲು ಕೂತಳು. ಬಾಚುತ್ತಾ ಬಾಚುತ್ತಾ, ಕೇಳಬೇಕಾದ್ದನ್ನು ಹನ್ನೊಂದು ದಿನ ತಡವಾಗಿ ಕೇಳಿದಳು.

"ಅವ್ವಾ, ಖರೇ ಹೇಳ್ರಿ. ಎರಡು ಸಲ ಹಾಕ್ಕೊಂಡ್ರೇನು?"

"ಇಲ್ಲಬೇ. ಎಂಟು ದಿನ ಮನ್ಯಾಗಿದ್ದೆ, ಏನೂ ಆಗಲಿಲ್ಲ. ಸೋಮವಾರ ನಾಟಿಗೆ ಹೊಂಟೆ. ಐದೂವರಿಗೆ ಕೂಲಿಯೋರ ಟಂಟಂ ಆಟೋ ಬರ್ತೈತಿ, ಸೂಜಿ ಹಾಕ್ಕೊಂಡು ಹತ್ತಿದೆ. ಮೊದಲ್ನೇ ದಿನ ಬರೇ ಬೆವರು, ಕಣ್ಣು ಮಂಜು. ಎರಡನೇ ದಿನ ಹಿಂಗಾತು."

"ಏನೂ ಉಣ್ಣಲಿಲ್ಲೇನು?"

"ಹೊಟ್ಟಿ ತುಂಬಿಸ್ಕೊಂಡು ಬಗ್ಗಾಕ ಬರ್ತೈತೇನವ್ವಾ? ಚಾ ಕುಡಿದು ಹೋಗಾದು. ಸಾಲು ಮುಗದು ಬದು ಹತ್ತಿದ ಮ್ಯಾಲೆ ಬುತ್ತಿ. ಹನ್ನೊಂದಾಗ್ತೈತಿ."

ಶಾಂಭವಿಯ ಕೈ ನಿಂತಿತು. ಇದೆಲ್ಲ ಅವಳಿಗೆ ಗೊತ್ತಿಲ್ಲದ ಸಂಗತಿಯೇ? ಉಂಡು ಬಗ್ಗಿದರೆ ಉಂಡದ್ದು ಬಾಯಿಗೆ ಬರುತ್ತದೆ, ಅದಕ್ಕೇ ನಾಟಿಯವರು ಬರಿಹೊಟ್ಟೆಯಲ್ಲಿ ಗದ್ದೆಗಿಳಿಯುತ್ತಾರೆ. ಹದಿನೈದಿಪ್ಪತ್ತು ಜನ ಒಂದೇ ಸಾಲಾಗಿ, ಹಿಂದಕ್ಕೆ ಸರಿಯುತ್ತಾ ಸಸಿ ಹಚ್ಚುತ್ತಾರೆ. ಸಾಲು ಆಚೆಯ ಬದು ಮುಟ್ಟುವವರೆಗೆ ಯಾರೂ ಮೇಲೆ ಹತ್ತುವಂತಿಲ್ಲ. ಒಬ್ಬಳು ಹತ್ತಿದರೆ ಅವಳ ಜಾಗ ಬರಿದಾಗಿ ಎಲ್ಲರ ಕೆಲಸ ಕೆಡುತ್ತದೆ. ಎಷ್ಟು ಬೆಳಗು ಶಾಂಭವಿಯೇ ಹಸಿದ ಹೊಟ್ಟೆಯಲ್ಲಿ ಆ ಬದುವಿನ ಕಡೆ ಕತ್ತು ತಿರುಗಿಸಿ ನೋಡಿಲ್ಲ! ಆಸ್ಪತ್ರೆಯಲ್ಲಿ ಎಂಟಕ್ಕೆ ಇಡ್ಲಿ ಬರುತ್ತದೆ, ಹಸಿರು ರಟ್ಟಿನ ಪುಸ್ತಕದಲ್ಲಿ ಅರ್ಧ ತಾಸು ಎಂದಿದೆ, ಅದನ್ನೇ ಹೇಳಿದ್ದಳು. ಗದ್ದೆಯ ಹೊತ್ತನ್ನು ಒಡ್ಡಿನಾಚೆ ಬಿಟ್ಟು ಬಂದಿದ್ದಳು.

"ನಾ ಹೇಳೋಮುಂದ ನೀವ್ಯಾಕ ಕೇಳಲಿಲ್ಲ? ನಾ ಉಣ್ಣಾದು ಹನ್ನೊಂದಕ್ಕ ಅಂತ ಯಾಕ ಅನ್ನಲಿಲ್ಲ?"

"ಡಾಕ್ಟ್ರು ಹೇಳಿದ್ರ ಕೇಳ್ತಿದ್ದೆನವ್ವಾ. ಅವರಿಗೇನು ಗೊತ್ತು ಪಾಪ. ಹೇಳಿದಾಕಿ ನೀನಲ್ಲ? ಮೊದಲ್ನೇ ದಿನಾನ ನಿನ್ನ ಗುರ್ತು ಹಿಡಿದಿದ್ದೆ. ನೆಲಕ್ಕ ಬಿದ್ದ ಹತ್ತಿ ಆರಿಸಿದಿ ನೋಡು, ಕುಂತು ಆರಿಸಲಿಲ್ಲ. ಮಣಕಾಲು ಮಡಚದೇ, ಸೊಂಟದಿಂದ ಬಗ್ಗಿ, ಎಡಗೈ ತೊಡಿಗೆ ಆನಿಸಿದಿ. ಪ್ಯಾಟಿ ಹುಡುಗೇರು ಹಂಗ ಬಗ್ಗಂಗಿಲ್ಲ. ಈಕಿ ನಮ್ಮ ಪೈಕಿ, ನಮ್ಮ ಹೊತ್ತು ಗೊತ್ತಿದ್ದಾಕಿ. ಅದನ್ನೆಲ್ಲ ಲೆಕ್ಕ ಹಾಕೇ ಹೇಳ್ತಾಳ ಅಂತ ನಂಬಿದೆ."

ಬೇರೆ ಯಾರೇ ಹೇಳಿದ್ದರೂ ದುರುಗಮ್ಮ ಎದುರು ಪ್ರಶ್ನೆ ಹಾಕಿ ಉಳಿದುಕೊಳ್ಳುತ್ತಿದ್ದಳು. ಶಾಂಭವಿ ಹೇಳಿದ್ದಕ್ಕೇ ಆಕೆಯ ಮುಖ ಕೆಸರಿಗೆ ಬಿತ್ತು.

"ಮತ್ತ ಸಿಸ್ಟರ ಮುಂದ ಸುಳ್ಳು ಯಾಕ ಹೇಳಿದ್ರಿ?"

"ನಿನ್ನ ಓದಿಗೆ ಕಲ್ಲು ಬಿದ್ದೀತು ಅಂತ. ನಮ್ಮ ಕಡಿ ಹುಡುಗಿ ಇಷ್ಟು ಓದ್ಯಾಳ, ಸಾಕಲ್ಲ. ಬಾಚು, ಬಾಚು. ನೀರು ಆರತೈತಿ."

ಆ ವಾರದ ಪಂಚಾಯ್ತಿಯಲ್ಲಿ ಸರದಿ ಶಾಂಭವಿಯದು, ರೋಗಿ ದುರುಗಮ್ಮನೇ. ಮರೆವು ಎಂದು ಹೇಳಿ ಕೂತರೆ ದುರುಗಮ್ಮ ಅದೇ ಚೀಟಿ ಹಿಡಿದು ಸೋಮವಾರ ಮನೆಗೆ ಹೋಗುತ್ತಾಳೆ, ಮತ್ತೆ ಐದೂವರೆಗೆ ಟಂಟಂ ಹತ್ತುತ್ತಾಳೆ. ಎರಡನೇ ಸಲ ಪಕ್ಕದವಳು ಕೂದಲು ಹಿಡಿದು ಎತ್ತುತ್ತಾಳೆಂದು ಯಾರು ಬರೆದುಕೊಟ್ಟಿದ್ದಾರೆ? ನಿಜ ಹೇಳಿದರೋ, ಎಂಟೆಕರೆಯ ಮಾತು ಎಲ್ಲರೆದುರು ಬಯಲಾಗುತ್ತದೆ. ಗೊತ್ತಿದ್ದೂ ಒಬ್ಬಳನ್ನು ಸಾವಿನ ಬಾಯಿಗೆ ಕಳಿಸಿದ ನರ್ಸ್ ಎಂಬ ಹೆಸರು ಕೊನೆಯವರೆಗೆ ಹಿಂದೆ ಬರುತ್ತದೆ. ಎರಡು ದಿನ ಅನ್ನ ಸೇರಲಿಲ್ಲ. ಶುಕ್ರವಾರ ಸಂಜೆ ಎರಡು ಜೊತೆ ಬಟ್ಟೆ ಬ್ಯಾಗಿಗೆ ತುರುಕಿಕೊಂಡು, ಓದೂ ಬೇಡ ಏನೂ ಬೇಡ ಎಂದು ಕುರುಗೋಡಿನ ಮೇಲೆ ಸಿರಿಗೇರಿಗೆ ಹೋಗುವ ಬಸ್ ಹತ್ತಿದಳು.

ಓಡಿಹೋಗುವವರಿಗೂ ಒಂದಿಷ್ಟು ಯೋಚನೆ ಇರಬೇಕು. ಕೊಟ್ರಮ್ಮ ಮೇಡಂ ದಿನಾ ಹತ್ತುವ ಬಸ್ಸೂ ಅದೇ ಎಂದು ಅವಳಿಗೆ ಹೊಳೆಯಲೇ ಇಲ್ಲ. ಮೇಡಂ ಬಂದು ಪಕ್ಕದಲ್ಲೇ ಕೂತರು, ತೊಡೆಯ ಮೇಲಿನ ಬ್ಯಾಗು ನೋಡಿದರು. ಯಾಕೆ, ಎಲ್ಲಿಗೆ ಎಂದು ಕೇಳಲಿಲ್ಲ. ಊರು ದಾಟಿದ ಮೇಲೆ ತಮ್ಮಷ್ಟಕ್ಕೆ ಹೇಳುವಂತೆ ಹೇಳಿದರು.

"ದುರುಗಮ್ಮನ ಚೀಲದಾಗ ಇನ್ಸುಲಿನ್ ಶೀಶೆ ಇತ್ತು. ಸಂಗಮೇಶ್ ಸರ್ ಬೆಳಕಿಗೆ ಹಿಡಿದು ಅಳೆದ್ರು. ಹತ್ತು ದಿನಕ್ಕ ಅರ್ಧ ಶೀಶೆ ಖರ್ಚಾಗಬೇಕು, ಅರ್ಧಾನ ಆಗೈತಿ. ಎರಡು ಸಲ ಹಾಕ್ಕೊಂಡಿಲ್ಲ ಆಕಿ. ಮತ್ಯಾಕ ಬಿದ್ಲು ಅಂತ ಒಬ್ರಿಗೂ ತಿಳಿವಲ್ದು. ಅಷ್ಟು ಮಂದಿ ಮಾಸ್ತರು ಅದೀವಿ, ಒಬ್ರೂ ಜೀವಮಾನದಾಗ ಗದ್ದಿಗೆ ಇಳಿದಾರಲ್ಲ."

ಶಾಂಭವಿ ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕುರುಗೋಡು ಬಂತು. "ಬರ್ತೀನವ್ವಾ," ಎಂದು ಮೇಡಂ ಇಳಿದರು. ಕಂಡಕ್ಟರ್ ಸೀಟಿ ಊದುವ ಮೊದಲು ಶಾಂಭವಿಯೂ ಬ್ಯಾಗು ಎಳೆದುಕೊಂಡು ಇಳಿದುಬಿಟ್ಟಳು. ಮೇಡಂ ಹಿಂದಿರುಗಿ ನೋಡಿ, ಆಶ್ಚರ್ಯವನ್ನೇನೂ ತೋರಿಸದೆ, "ಬಳ್ಳಾರಿ ಬಸ್ಸಿಗೆ ಇನ್ನೂ ಮುಕ್ಕಾಲು ತಾಸು ಐತಿ. ಬಾ," ಎಂದು ನಿಲ್ದಾಣದ ಹೋಟೆಲಿಗೆ ಕರೆದುಕೊಂಡು ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಕೊಡಿಸಿದರು. ಎರಡು ದಿನದ ಹಸಿವು ಒಂದೇ ಸಲ ಎದ್ದು ಕೂತಿತು. ಶಾಂಭವಿ ಉಂಡಳು, ಉಣ್ಣುತ್ತಾ ಅತ್ತಳು, ಮಿರ್ಚಿ ಖಾರದ ಮೇಲೆ ತಪ್ಪು ಹೊರಿಸಿದಳು. ಮೇಡಂ ಇನ್ನೊಂದು ಪ್ಲೇಟು ತರಿಸಿದರು, ಒಂದು ಮಾತೂ ಕೇಳಲಿಲ್ಲ. ಬಸ್ಸು ಬಂದಾಗ ಹತ್ತಿಸಿ, ಅದು ಹೊರಡುವವರೆಗೆ ನಿಂತಿದ್ದರು. ಆ ಮುಕ್ಕಾಲು ತಾಸಿನ ಋಣ ದೊಡ್ಡದು ಎಂದು ಶಾಂಭವಿಗೆ ಅವತ್ತೇ ಅನಿಸಿತು.

ಶನಿವಾರ ಹತ್ತಕ್ಕೆ ಪಂಚಾಯ್ತಿ ಕೂಡಿತು. ಬೆಂಚುಗಳ ತುಂಬ ಅರವತ್ತು ಹುಡುಗಿಯರು. ಶಾಂಭವಿ ಬರೆದು ತಂದ ಹಾಳೆಯನ್ನು ಮಡಚಿ ಮೇಜಿನ ಮೇಲಿಟ್ಟಳು.

"ದುರುಗಮ್ಮಂದು ಏನೂ ತಪ್ಪಿಲ್ಲರಿ," ಎಂದಳು. "ನಾ ಹೇಳಿದಂಗ ಸೂಜಿ ಹಾಕ್ಕೊಂಡ್ಲು. ನಾಟಿ ಹಚ್ಚೋರು ಹನ್ನೊಂದರತನ ಉಣ್ಣಂಗಿಲ್ಲ. ಅದು ನನಗ ಗೊತ್ತಿತ್ತು. ನಮ್ಮವ್ವ ನಾಟಿ ಕೂಲಿಗೆ ಹೋಗ್ತಾಳ, ನಾನೂ ಐದು ವರ್ಷ ಹೋಗೀನಿ. ಎಂಟೆಕರೆ ಗದ್ದಿ ನಮ್ದಲ್ಲ. ಅದರಾಗ ಸಸಿ ಹಚ್ಚೀವಿ ಅಷ್ಟ. ಗೊತ್ತಿದ್ದೂ ನಾ ಕೇಳಲಿಲ್ಲ, ಹೇಳಲಿಲ್ಲ. ಆಕಿ ಬಿದ್ದಿದ್ದು ನನ್ನಿಂದ."

ಮೊದಲು ಬಾಯಿಬಿಟ್ಟವರು ಸಂಗಮೇಶ್ ಸರ್.

"ಒಂಬತ್ತು ಮಾರ್ಕು ಕೊಟ್ಟವ ನಾನು. ಆಕಿ ಉಣ್ಣಾದು ಎಷ್ಟೊತ್ತಿಗೆ ಅಂತ ನಾನೂ ಕೇಳಿಲ್ಲ. ಹಂಗಾಗಿ ತಪ್ಪಿನಾಗ ನಂದೂ ಪಾಲೈತಿ, ಬರ್ಕೋರಿ." ಆಮೇಲೆ ಮುಂದಕ್ಕೆ ಬಾಗಿದರು. "ಸೂಜಿ ಎಲ್ಲಿ ಹಾಕ್ಕೊಂತಿದ್ಲು?"

"ತೊಡಿಗೆ ಸರ್."

"ಕೆಸರಿನಾಗ ಕಾಲು ಕಿತ್ತು ಕಿತ್ತು ಇಡ್ತಾರಲ್ಲ?"

"ಹೌದ್ರಿ. ಸಂಜಿಗೆ ತೊಡಿ ಕಲ್ಲಾಗಿರ್ತಾವು."

ಶರೀರಶಾಸ್ತ್ರದ ಮೇಡಂ ತಟ್ಟನೆ ನೆಟ್ಟಗೆ ಕೂತರು. ದುಡಿಯುವ ತೊಡೆಗೆ ರಕ್ತ ಜೋರಾಗಿ ಹರಿಯುತ್ತದೆ, ಅಲ್ಲಿ ಹಾಕಿದ ಔಷಧಿ ಬೇಗ ಮೈಗೇರುತ್ತದೆ. ಅದರ ಮೇಲೆ ಬರಿಹೊಟ್ಟೆ, ನಾಲ್ಕು ತಾಸಿನ ದುಡಿಮೆ. ಆಕೆ ಬೀಳದೆ ಇನ್ನೇನು ಮಾಡಬೇಕಿತ್ತು ಎಂದರು. ಆಹಾರಶಾಸ್ತ್ರದ ಶಾಹಜಾನಬಿ ಮೇಡಂ ಬಗ್ಗಿದರೂ ಬಾಯಿಗೆ ಬರದಂಥ ಉಣಿಸು ಯಾವುದು ಎಂದು ಕೇಳಿದರು. ಅರ್ಧ ಜೋಳದ ರೊಟ್ಟಿ ತಡೆಯುತ್ತದೆ, ಅನ್ನ ತಡೆಯುವುದಿಲ್ಲ ಎಂದು ಶಾಂಭವಿ ಹೇಳಿದಳು. ಮೇಡಂ ಅದನ್ನು ಬರೆದುಕೊಂಡರು. ಸಾಲಿನಿಂದ ಒಬ್ಬಳು ಎದ್ದು ಹೋಗುವುದಕ್ಕೆ ಯಾರ ಅಪ್ಪಣೆ ಬೇಕು ಎಂದು ಸಮಾಜಶಾಸ್ತ್ರದವರು ಕೇಳಿದರು. ಕೊಟ್ರಮ್ಮ ಮೇಡಂ ಶಾಂಭವಿಯ ಕೈಗೆ ಸೀಮೆಸುಣ್ಣ ಕೊಟ್ಟು, "ನಾಟಿಯಾಕಿ ಒಂದು ದಿನ ಬರಿ, ಎದ್ದಾಗಿನಿಂದ," ಎಂದರು. ಶಾಂಭವಿ ನಸುಕಿನ ನಾಲ್ಕರಿಂದ ಬರೆಯುತ್ತಾ ಹೋದಳು. ಬೋರ್ಡು ತುಂಬಿತು. ಅರವತ್ತು ಹುಡುಗಿಯರು ತಲೆ ಬಗ್ಗಿಸಿ ಅದನ್ನು ಇಳಿಸಿಕೊಳ್ಳುತ್ತಿದ್ದರು, ಯಾವ ಬಣ್ಣದ ನೋಟ್‌ಬುಕ್ಕಿನಲ್ಲಿ ಎಂದು ಅವಳು ನೋಡಲಿಲ್ಲ. ಅವ್ವನ ದಿನವನ್ನು ಇಷ್ಟು ಜನ ಇಷ್ಟು ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಅವಳ ಒಂಬತ್ತು ಮಾರ್ಕು ನಾಲ್ಕಕ್ಕೆ ಇಳಿಯಿತು. ಅದನ್ನೂ ಹೇಳಿಬಿಡಬೇಕು. ಕೊಟ್ರಮ್ಮ ಮೇಡಂ ಪ್ರೀತಿಯ ಹೆಂಗಸು, ಆದರೆ ಮಾರ್ಕಿನ ವಿಷಯದಲ್ಲಿ ಕೈ ಬಿಗಿ.

ಸೋಮವಾರ ಡಾಕ್ಟರು ಬೋರ್ಡಿನ ಫೋಟೊ ನೋಡಿ ಚೀಟಿಯನ್ನೇ ಬದಲಾಯಿಸಿದರು. ಔಷಧಿಯ ಅಳತೆ ತಗ್ಗಿತು. ಚುಚ್ಚುವ ಜಾಗ ತೊಡೆಯಿಂದ ಹೊಟ್ಟೆಗೆ ಬಂತು. ಸೂಜಿಯಾದ ಮೇಲೆ ಅರ್ಧ ರೊಟ್ಟಿ ತಿಂದೇ ಟಂಟಂ ಹತ್ತಬೇಕು, ಒಂಬತ್ತಕ್ಕೆ ಬದು ಹತ್ತಿ ಬುತ್ತಿ ಬಿಚ್ಚಲೇಬೇಕು, ಸೆರಗಿನ ತುದಿಗೆ ಸಕ್ಕರೆಯ ಪೊಟ್ಟಣ ಕಟ್ಟಿಕೊಂಡಿರಬೇಕು. ದುರುಗಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಒಂಬತ್ತರ ಮಾತಿಗೆ ಮಾತ್ರ ಶಾಂಭವಿಯ ಮುಖ ನೋಡಿದಳು. ಸಾಲು ಬಿಟ್ಟು ಹತ್ತುವುದು ಹೇಗೆ ಎಂಬ ಆ ನೋಟದ ಅರ್ಥ ಶಾಂಭವಿಯೊಬ್ಬಳಿಗೇ ಆಯಿತು.

ಹದಿನೈದು ದಿನ ಬಿಟ್ಟು ಕೊಟ್ರಮ್ಮ ಮೇಡಂ ಹನ್ನೆರಡು ಹುಡುಗಿಯರನ್ನು ದೇಶನೂರಿಗೆ ಕರೆದುಕೊಂಡು ಹೋದರು. ಕಾಲುವೆಯ ಪಕ್ಕದ ಗದ್ದೆಯಲ್ಲಿ ಕಡೆಯ ನಾಟಿ ನಡೆದಿತ್ತು. ಹದಿನೆಂಟು ಜನರ ಸಾಲು, ನಡುವೆ ದುರುಗಮ್ಮ. ಮೇಸ್ತ್ರಿ ಜಂಬಣ್ಣ ಬದುವಿನ ಮೇಲೆ ನಿಂತಿದ್ದ. ಕಳೆದ ವಾರವೆಲ್ಲ ಆಕೆ ಒಂಬತ್ತಕ್ಕೆ ಬದು ಹತ್ತಿದಳೇ ಎಂದು ಮೇಡಂ ಕೇಳಿದರೆ ತಲೆ ಕೆರೆದುಕೊಂಡ.

"ನಾ ಬ್ಯಾಡ ಅಂದಿಲ್ಲರಿ ಮೇಡಮ್ಮಾರ. ಆಕೀನ ಹತ್ತವಲ್ಲಳು. ಸಾಲು ಒಡದ್ರ ಉಳಿದಾರಿಗೆ ತ್ರಾಸಲ್ಲರಿ? ನಿಂತಲ್ಲೇ ಒಂದು ಚೂರು ರೊಟ್ಟಿ ಬಾಯಾಗ ಹಾಕ್ಕೊಂತಾಳ."

ಗಡಿಯಾರದಲ್ಲಿ ಒಂಬತ್ತಾಗಿ ಐದು ನಿಮಿಷ. "ದುರುಗಮ್ಮವ್ವಾ, ಹೊತ್ತಾತು, ಮ್ಯಾಲೆ ಬರ್ರಿ," ಎಂದು ಶಾಂಭವಿ ಕೂಗಿದಳು. ದುರುಗಮ್ಮ ಬಗ್ಗಿದಲ್ಲೇ ಕೈ ಬೀಸಿ, ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದಳು. ಬೆಳಿಗ್ಗೆಯ ಬಿಸಿಲಿನಲ್ಲಿ ಆಕೆಯ ಕತ್ತಿನ ಮೇಲೆ ಬೆವರು ಹೊಳೆಯುತ್ತಿತ್ತು.

ಶಾಂಭವಿ ಚಪ್ಪಲಿ ಬಿಟ್ಟಳು. ಬಿಳಿ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿದಳು. ಗೆಳತಿಯರೆಲ್ಲ ನೋಡುತ್ತಿರುವಂತೆ ಗದ್ದೆಗಿಳಿದು, ಕೆಸರಿನಲ್ಲಿ ಕಾಲು ಕಿತ್ತಿಡುತ್ತಾ ಸಾಲಿನ ನಡುವಿಗೆ ಹೋಗಿ, ದುರುಗಮ್ಮನ ಎಡಗೈಯಲ್ಲಿದ್ದ ಸಸಿಯ ಕಟ್ಟನ್ನು ತೆಗೆದುಕೊಂಡಳು. ಎರಡು ವರ್ಷವಾಗಿತ್ತು, ಆದರೂ ಕೈ ಮರೆತಿರಲಿಲ್ಲ. ಅಕ್ಕಪಕ್ಕದವರು ಒಮ್ಮೆ ನೋಡಿ, ನಕ್ಕು, ಕೈ ನಿಲ್ಲಿಸದೆ ಹಿಂದೆ ಸರಿದರು. ಶಾಂಭವಿಯೂ ಸರಿದಳು. ಸಾಲು ಒಡೆಯಲಿಲ್ಲ.

ಬದುವಿನ ಮೇಲಿನ ಜಂಬಣ್ಣ ಅದನ್ನು ನೋಡುತ್ತಾ ನಿಂತ. ಆಮೇಲೆ ಟವೆಲ್ಲನ್ನು ಹೆಗಲಿಂದ ತೆಗೆದು ತಲೆಗೆ ಸುತ್ತಿಕೊಂಡು, ತಾನೇ ದೊಡ್ಡ ಉಪಾಯ ಕಂಡುಹಿಡಿದವನಂತೆ ಹೇಳಿದ.

"ನಾಳೆಲಿಂದ ಆ ಹೊತ್ತಿಗೆ ನಾನಾ ಇಳಿತೀನಿ ಬಿಡ್ರಿ. ನಾನೇನು ಸಸಿ ಹಚ್ಚದೇ ಮೇಸ್ತ್ರಿ ಆದವನೇನು?"

ಹೆಂಗಸರ ಸಾಲು ಗೊಳ್ಳೆಂದು ನಕ್ಕಿತು. ದುರುಗಮ್ಮ ಬದು ಹತ್ತಿ, ಕೈ ತೊಳೆದು, ಕೊಟ್ರಮ್ಮ ಮೇಡಂ ಪಕ್ಕದಲ್ಲಿ ಕೂತು ಬುತ್ತಿ ಬಿಚ್ಚಿದಳು. ರೊಟ್ಟಿ, ಪುಂಡಿಪಲ್ಯ, ಒಂದು ಉಳ್ಳಾಗಡ್ಡಿ. ಗಬಗಬನೆ ಒಂದು ತುತ್ತು ನುಂಗಿ ಮತ್ತೆ ಸಾಲಿನ ಕಡೆ ನೋಡಿದಳು. ನಿಂತಲ್ಲೇ ಉಂಡು ರೂಢಿಯಾದ ಜೀವ.

ತನ್ನನ್ನು ನಂಬಿ ಬಿದ್ದವಳು, ಬಿದ್ದ ಮೇಲೂ ತನ್ನನ್ನು ಬಿಟ್ಟುಕೊಡದವಳು, ಇವತ್ತು ತನ್ನ ಕಣ್ಣೆದುರು ಕೂತು ಉಣ್ಣುತ್ತಿದ್ದಾಳೆ. ಶಾಂಭವಿಯ ಎದೆ ತುಂಬಿ ಬಂತು. ಕಣ್ಣೊರೆಸಿಕೊಳ್ಳಲು ಕೈ ಎರಡೂ ಕೆಸರು. ಬಗ್ಗಿದಲ್ಲಿಂದಲೇ ಕತ್ತು ತಿರುಗಿಸಿ ಕೂಗಿದಳು.

"ಸಾವಕಾಶ ಉಣ್ಣವ್ವಾ. ನಿನ್ನ ಜಾಗದಾಗ ನಾ ಅದೀನಿ."